ವಿಜ್ಞಾನ ಬೋಧನೆಯಲ್ಲಿ ಎಲೆಯಾಟ: ಒಂದು ವಿಚಾರ

ಶ್ರೀಮಠದ ಕೃಪಾಶ್ರಯದಲ್ಲಿ ನಡೆಯುತ್ತಿರುವ ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಇಂಥ ಪುಟಗಳಿಗೆ ಒಪ್ಪುವ ವಿಷಯಗಳು ಹಲವು ನೆನಪಿಗೆ ಬಂದವು. ಆದರೆ ಬಹುಕಾಲ ವಿಜ್ಞಾನದ ಪಾಠ ಹೇಳಿದವನ ಮನಸ್ಸಿನಲ್ಲಿ ಉಳಿದುಹೋಗಿರುವ ಒಂದು ಮಾತನ್ನು ಬಿಟ್ಟು ಬೇರೆ ಏನನ್ನು ಬರೆದರೂ ಅದು ಕೇವಲ ಉಪಚಾರದ ಬರಹವಾದೀತೆಂದು ತೋರಿತು. ಆ ಮಾತು ಕೆಲವು ಹಿರಿಯರ ಕಿವಿಗೆ ಅಹಿತವೆನಿಸಬಹುದು. ವಿಜ್ಞಾನದ ವರ್ಗೀಕರಣವನ್ನು ಮಕ್ಕಳಿಗೆ ಕಲಿಸಲು ಎಲೆಯಾಟವನ್ನು, ಎಂದರೆ ಜನರು ಇಸ್ಪೀಟೆಂದು ಕರೆಯುವ ಆಟದ ಕ್ರಮವನ್ನು, ತಕ್ಕ ಮಾರ್ಪಾಟಿನೊಡನೆ ಶಾಲೆಯೊಳಕ್ಕೆ ತರಬೇಕೆಂಬುದೇ ಆ ಮಾತು. ಮಠದ ಶಾಲೆಯಲ್ಲಿ ಇಸ್ಪೀಟೇ ಎಂದು ಹುಬ್ಬೇರಿಸುವ ಮುನ್ನ ನನ್ನ ವಾದವನ್ನು ಪೂರ್ತಿಯಾಗಿ ಕೇಳಬೇಕೆಂದು ವಾಚಕ ಮಹಾಶಯರಲ್ಲಿ ಬಿನ್ನವಿಸುತ್ತೇನೆ.

ನಮ್ಮ ಪ್ರೌಢಶಾಲೆಗಳ ಮಕ್ಕಳು ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಏಳು ಮೆಟ್ಟಿಲುಗಳನ್ನು ಮಗ್ಗಿಯಂತೆ ಒಪ್ಪಿಸಬಲ್ಲರು. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳೂ ದೊರೆಯುತ್ತವೆ. ಆದರೆ ಒಪ್ಪಿಸಿದ ಮಗುವನ್ನು ಹೊರಗೆ ಕರೆದೊಯ್ದು, ಎದುರಿಗೆ ಕಾಣುವ ಒಂದು ಪ್ರಾಣಿಯನ್ನು ಯಾವುದರ ಜೊತೆಗೆ ಸೇರಿಸುವೆ, ಏಕೆ ಸೇರಿಸುವೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಮೆಟ್ಟಿಲುಗಳ ಹೆಸರು ಗೊತ್ತಿದೆ, ಏರುವುದು ಗೊತ್ತಿಲ್ಲ. ಇದು ಮಕ್ಕಳ ದೋಷವಲ್ಲ. ವರ್ಗೀಕರಣವೆಂಬುದು ಯಾರೋ ಮುಗಿಸಿಟ್ಟ ಪಟ್ಟಿಯೆಂಬಂತೆ ನಾವು ಅದನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತ ಬಂದಿದ್ದೇವೆ.

ಒಂದು ನಿದರ್ಶನವನ್ನು ಕೊಡುತ್ತೇನೆ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳಿವೆ. 2011ರಲ್ಲಿ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಪಶ್ಚಿಮಕ್ಕೆ ಸರಿದರೆ ತರೀಕೆರೆಯ ಮಗ್ಗುಲಿನಲ್ಲಿ ಭದ್ರಾ ಅರಣ್ಯ. ಅಲ್ಲಿ ಚುಕ್ಕೆ ಜಿಂಕೆಗಳು ಹಿಂಡುಹಿಂಡಾಗಿ ಮೇಯುತ್ತವೆ. ನಮ್ಮ ಊರುಗಳಲ್ಲಿ ಎರಡನ್ನೂ ಜಿಂಕೆಯೆಂದೇ ಕರೆಯುವುದು ವಾಡಿಕೆ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಈ ಮೂರು ಪ್ರಾಣಿಗಳ ಚಿತ್ರಗಳನ್ನು ಮುಂದಿಟ್ಟು, ಯಾವ ಎರಡು ಹತ್ತಿರದ ಬಂಧುಗಳೆಂದು ಕೇಳಿದರೆ, ಕೃಷ್ಣಮೃಗ ಮತ್ತು ಚುಕ್ಕೆ ಜಿಂಕೆಯೆಂದೇ ಬಹುತೇಕ ಮಕ್ಕಳು ಹೇಳುತ್ತಾರೆ. ಕೊಂಬನ್ನು ನೋಡಿರೆಂದು ಹೇಳಬೇಕು. ಗಂಡು ಜಿಂಕೆಯ ಕೊಂಬು ಕವಲೊಡೆದ ಮೂಳೆ. ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತದೆ. ಕೃಷ್ಣಮೃಗದ ಕೊಂಬು ಸುರುಳಿಯಾಗಿದ್ದರೂ ಕವಲೊಡೆಯುವುದಿಲ್ಲ. ಒಳಗೆ ಮೂಳೆ, ಹೊರಗೆ ಉಗುರಿನಂಥ ಕವಚ. ಅದು ಉದುರುವುದೂ ಇಲ್ಲ. ಹಾಗಾದರೆ ಉದುರದ ಕೊಂಬು ಇನ್ನಾರಿಗಿದೆ? ಕೊಟ್ಟಿಗೆಯಲ್ಲಿ ಬೆಳೆದ ಮಗುವಿಗೆ ಇದಕ್ಕೆ ಪುಸ್ತಕ ಬೇಡ. ಹಸುವಿಗಿದೆ, ಎಮ್ಮೆಗಿದೆ, ಮೇಕೆಗಿದೆ. ಕೃಷ್ಣಮೃಗವು ಹಸುವಿನ ಕುಟುಂಬಕ್ಕೆ ಸೇರಿದ್ದೇ ಹೊರತು ಜಿಂಕೆಯ ಕುಟುಂಬಕ್ಕಲ್ಲ. ಈ ನಿರ್ಣಯಕ್ಕೆ ಮಗು ತಾನೇ ಬಂದರೆ ಅದನ್ನು ಮರೆಯುವುದಿಲ್ಲ. ಆದರೆ ತಾನೇ ಬರಬೇಕಾದರೆ ಚಿತ್ರಗಳು ಪುಟಕ್ಕೆ ಅಂಟಿಕೊಂಡಿರಬಾರದು. ಕೈಯಲ್ಲಿರಬೇಕು, ಇಲ್ಲಿಂದ ಅಲ್ಲಿಗೆ ಸರಿಸುವಂತಿರಬೇಕು, ತಪ್ಪಾದರೆ ಹಿಂದಕ್ಕೆ ತೆಗೆದುಕೊಳ್ಳುವಂತಿರಬೇಕು. ಬಿಡಿ ಎಲೆಗಳ ಪ್ರಯೋಜನವಿರುವುದು ಇಲ್ಲಿಯೇ.

ಇದು ನನ್ನ ಕಲ್ಪನೆಯಲ್ಲ. ವರ್ಗೀಕರಣ ಶಾಸ್ತ್ರದ ಪಿತಾಮಹನೆನಿಸಿದ ಸ್ವೀಡನ್ ದೇಶದ ಲಿನೇಯಸ್ ತನ್ನ ಉತ್ತರವಯಸ್ಸಿನಲ್ಲಿ ಸಸ್ಯ ಹಾಗೂ ಪ್ರಾಣಿಗಳ ವಿವರಗಳನ್ನು ಒಂದೇ ಅಳತೆಯ ಬಿಡಿ ಕಾಗದದ ಚೀಟಿಗಳ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದನು. ಹೊಸ ಸಂಗತಿ ತಿಳಿದಾಗ ಚೀಟಿಯ ಸ್ಥಾನವನ್ನು ಬದಲಾಯಿಸಬಹುದಾಗಿತ್ತು. 1735ರ ಗ್ರಂಥದಲ್ಲಿ ತಿಮಿಂಗಿಲವನ್ನು ಮೀನುಗಳ ಸಾಲಿನಲ್ಲಿ ಕೂರಿಸಿದ್ದ ಆ ಪಂಡಿತನೇ 1758ರ ಆವೃತ್ತಿಯಲ್ಲಿ ಅದನ್ನು ಸ್ತನಿಗಳ ವರ್ಗಕ್ಕೆ ವರ್ಗಾಯಿಸಿದನು. ರಷ್ಯಾದ ಮೆಂಡಲೀವ್ ಧಾತುಗಳ ಹೆಸರು, ಪರಮಾಣು ತೂಕ ಮತ್ತು ಗುಣಗಳನ್ನು ಎಲೆಗಳ ಮೇಲೆ ಬರೆದುಕೊಂಡು, ಒಬ್ಬನೇ ಕುಳಿತು ಇಸ್ಪೀಟಾಡುವವನಂತೆ ಅವುಗಳನ್ನು ಜೋಡಿಸಿದನೆಂಬ ಕಥೆ ರಸಾಯನಶಾಸ್ತ್ರದ ಪಾಠಗಳಲ್ಲಿ ಪ್ರಸಿದ್ಧವಾಗಿದೆ. ಆತನ ಆವರ್ತ ಕೋಷ್ಟಕ ಪ್ರಕಟವಾದ 1869ರಲ್ಲಿ ತಿಳಿದಿದ್ದ ಧಾತುಗಳು 63 ಮಾತ್ರ. ಜೋಡಿಸುವಾಗ ಕೆಲವೆಡೆ ಯಾವ ಎಲೆಯೂ ಹೊಂದಲಿಲ್ಲ. ಆತನು ಆ ಸ್ಥಾನಗಳನ್ನು ತೆರವಾಗಿಯೇ ಬಿಟ್ಟು, ಅಲ್ಲಿಗೆ ಬರಬೇಕಾದ ಧಾತುಗಳಿಗೆ ನಮ್ಮ ಸಂಸ್ಕೃತದ ‘ಏಕ’ ಶಬ್ದವನ್ನು ಸೇರಿಸಿ ಏಕ-ಅಲ್ಯುಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಹೆಸರಿಟ್ಟನು. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ದೊರೆತು ಆ ಸ್ಥಾನಗಳು ತುಂಬಿದವು. ಸರಿಯಾದ ವರ್ಗೀಕರಣವು ತಿಳಿದುದನ್ನು ಅಚ್ಚುಕಟ್ಟಾಗಿ ಇಡುವುದಲ್ಲದೆ, ತಿಳಿಯದಿರುವುದು ಎಲ್ಲಿದೆಯೆಂದು ಬೆರಳು ಮಾಡಿ ತೋರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ಇಸ್ಪೀಟಿನ ಕಟ್ಟೂ ಒಂದು ವರ್ಗೀಕರಣವೇ. ಐವತ್ತೆರಡು ಎಲೆಗಳು, ಎರಡು ಬಣ್ಣ, ನಾಲ್ಕು ಜಾತಿ, ಪ್ರತಿ ಜಾತಿಯಲ್ಲಿ ಹದಿಮೂರು ಅಂತಸ್ತು. ಒಂದೇ ಎಲೆಯನ್ನು ಬಣ್ಣದಿಂದಲೂ ಗುರುತಿಸಬಹುದು, ಅಂತಸ್ತಿನಿಂದಲೂ ಗುರುತಿಸಬಹುದು. ರಮ್ಮಿ ಆಡುವವನು ಮಾಡುವುದೇನು? ಕೈಗೆ ಬಂದ ಎಲೆಯ ಲಕ್ಷಣವನ್ನು ನೋಡಿ, ಯಾವ ಗುಂಪಿಗೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದು. ನಮ್ಮ ನಾಡಿಗೂ ಇದು ಹೊರಗಿನದಲ್ಲ. ದಶಾವತಾರದ ಗಂಜೀಫಾ ಕಟ್ಟಿನಲ್ಲಿ ಹತ್ತು ಜಾತಿಗಳು, ಜಾತಿಗೆ ಹನ್ನೆರಡರಂತೆ 120 ಎಲೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ತಾವೇ ರಚಿಸಿ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರವನ್ನು ಸೇರಿಸಿದರು. ಅರಮನೆಯಲ್ಲಿ ವಿದ್ಯೆಯ ಒಂದು ಅಂಗವಾಗಿದ್ದುದು ಅರಳಿಕಟ್ಟೆಯಲ್ಲಿ ವ್ಯಸನವಾಯಿತೆಂದರೆ, ಅದಕ್ಕೆ ಎಲೆಗಿಂತ ಅದರ ಮೇಲೆ ಕಟ್ಟಿದ ಪಣವೇ ಕಾರಣ.

ಇನ್ನು ನಮ್ಮ ಕಟ್ಟು ಹೇಗಿರಬೇಕೆಂಬುದನ್ನು ಹೇಳುತ್ತೇನೆ. ಇದರಲ್ಲಿಯೂ ಐವತ್ತೆರಡು ಎಲೆಗಳೇ ಇರಲಿ: ಹನ್ನೆರಡು ಕುಟುಂಬಗಳು, ಕುಟುಂಬಕ್ಕೆ ನಾಲ್ವರು ಸದಸ್ಯರು, ಉಳಿದ ನಾಲ್ಕು ಒಂಟಿ ಎಲೆಗಳು. ಹಸುವಿನ ಕುಟುಂಬಕ್ಕೆ ಅಮೃತ ಮಹಲ್ ಹಸು, ಎಮ್ಮೆ, ಮೇಕೆ, ಕೃಷ್ಣಮೃಗ. ಜಿಂಕೆಯ ಕುಟುಂಬಕ್ಕೆ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಜೊತೆಗೆ ಮಧ್ಯಪ್ರದೇಶದ ಬಾರಸಿಂಗ. ನಾಯಿಯ ಕುಟುಂಬಕ್ಕೆ ನಾಯಿ, ತೋಳ, ನರಿ, ಸೀಳುನಾಯಿ. ಕೋಳಿಯ ಕುಟುಂಬಕ್ಕೆ ಊರಕೋಳಿ, ಕಾಡುಕೋಳಿ, ಗೌಜಲು, ನವಿಲು. ಸಸ್ಯಗಳಲ್ಲಿ ತೆಂಗು, ಅಡಿಕೆ, ಈಚಲು, ಬಗನಿ ಒಂದು ಕುಟುಂಬ. ರಾಗಿ, ಜೋಳ, ಭತ್ತ, ಬಿದಿರು ಮತ್ತೊಂದು. ಹುರುಳಿ, ಅವರೆ, ಹೊಂಗೆ, ಹುಣಸೆ ಇನ್ನೊಂದು. ಆಲೂಗಡ್ಡೆ, ಬದನೆ, ಮೆಣಸಿನಕಾಯಿ, ದತ್ತೂರಿ ಮಗುದೊಂದು. ಉಳಿದ ಕುಟುಂಬಗಳನ್ನು ಆಯಾ ಶಾಲೆಯ ಉಪಾಧ್ಯಾಯರು ತಮ್ಮ ಸುತ್ತಲಿನ ಹೊಲ, ತೋಟ, ಕೆರೆಗಳಿಗೆ ತಕ್ಕಂತೆ ಆರಿಸಿಕೊಳ್ಳಲಿ. ಎಲೆಯ ಮೇಲೆ ಚಿತ್ರವೂ ಮೂರು ನಾಲ್ಕು ಲಕ್ಷಣಗಳೂ ಇರಬೇಕು. ಕುಟುಂಬದ ಹೆಸರು ಇರಕೂಡದು. ಹೆಸರಿದ್ದರೆ ಮಗು ಹೆಸರನ್ನು ಓದುತ್ತದೆಯೇ ಹೊರತು ಲಕ್ಷಣವನ್ನು ನೋಡುವುದಿಲ್ಲ.

ಆಟದ ಕ್ರಮ ಸುಲಭವಾದುದು. ನಾಲ್ವರು ಕುಳಿತು ತಲೆಗೆ ಏಳರಂತೆ ಎಲೆ ಹಂಚಿಕೊಂಡು, ಉಳಿದ ಇಪ್ಪತ್ತನಾಲ್ಕನ್ನು ನಡುವೆ ಇಡುವುದು. ಸರದಿಯಂತೆ ಒಂದನ್ನು ಎತ್ತಿ ಒಂದನ್ನು ಬಿಡುವುದು. ಒಂದೇ ಕುಟುಂಬದ ಮೂರು ಅಥವಾ ನಾಲ್ಕು ಎಲೆಗಳು ಕೂಡಿದಾಗ ಕೆಳಗೆ ಇಳಿಸುವುದು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಕಾರಣ ಹೇಳದೆ ಎಲೆಯನ್ನು ಇಳಿಸಕೂಡದು. ಇಳಿಸಿದವನ ಕಾರಣವನ್ನು ಉಳಿದ ಮೂವರಲ್ಲಿ ಯಾರು ಬೇಕಾದರೂ ಪ್ರಶ್ನಿಸಬಹುದು. ಆಕ್ಷೇಪ ಸರಿಯೆಂದು ತೋರಿದರೆ ಎಲೆ ಕೈಗೆ ಮರಳಬೇಕು. ಬಿದಿರನ್ನು ರಾಗಿಯ ಜೊತೆಗೆ ಇಳಿಸಿದವನು ಗೆಣ್ಣನ್ನೂ, ಕಾಂಡವನ್ನು ಅಪ್ಪಿಕೊಂಡ ಎಲೆಯ ಬುಡವನ್ನೂ ತೋರಿಸಬೇಕು. ಮರದೆತ್ತರ ಬೆಳೆದರೂ ಅದು ಹುಲ್ಲೇ ಎಂದು ಎದುರಾಳಿಗಳನ್ನು ಒಪ್ಪಿಸಬೇಕು.

ಹೀಗೆ ಆಡುವಾಗ ಹೆಸರು ಮಾಡುವ ಮೋಸವೂ ಬಯಲಾಗುತ್ತದೆ. ಮೆಣಸಿನಕಾಯಿಗೂ ಕರಿಮೆಣಸಿಗೂ ಖಾರವೊಂದೇ ಸಮಾನ. ಕರಿಮೆಣಸಿನ ಬಂಧು ವೀಳ್ಯದೆಲೆ, ಮೆಣಸಿನಕಾಯಿಯ ಬಂಧು ಆಲೂಗಡ್ಡೆ. ತಾಂಬೂಲದ ತಟ್ಟೆಯಲ್ಲಿ ಸದಾ ಜೊತೆಗಿರುವ ಅಡಿಕೆಗೂ ವೀಳ್ಯಕ್ಕೂ ಅಂಥ ನಂಟಿಲ್ಲ. ಎರಡನೆಯ ಸುತ್ತಿನಲ್ಲಿ ಅವೇ ಎಲೆಗಳನ್ನು ಬೇರೊಂದು ಸೂತ್ರದಿಂದ, ಎಂದರೆ ಆಹಾರದಿಂದಲೋ ವಾಸಸ್ಥಾನದಿಂದಲೋ ಉಪಯೋಗದಿಂದಲೋ, ಜೋಡಿಸಿರೆಂದು ಹೇಳಬೇಕು. ಆಗ ವೀಳ್ಯ ಅಡಿಕೆಗಳು ಮತ್ತೆ ಕೂಡುತ್ತವೆ, ದತ್ತೂರಿ ಬದನೆಯಿಂದ ಅಗಲುತ್ತದೆ. ಪ್ರತಿಯೊಂದು ವರ್ಗೀಕರಣದ ಹಿಂದೆ ಒಂದು ಪ್ರಶ್ನೆಯಿದೆ, ಪ್ರಶ್ನೆ ಬದಲಾದರೆ ಗುಂಪೂ ಬದಲಾಗುತ್ತದೆ ಎಂಬುದನ್ನು ಮಗು ಆಗ ಕೈಯಾರೆ ಅರಿಯುತ್ತದೆ.

ಒಂಟಿ ಎಲೆಗಳು ನಾಲ್ಕೆಂದೆನಷ್ಟೆ. ಮೊದಲನೆಯದು ಬಾವಲಿ, ಹಾರಿದರೂ ಹಕ್ಕಿಯಲ್ಲ, ಮರಿಗೆ ಹಾಲೂಡುವ ಸ್ತನಿ. ಎರಡನೆಯದು ಕತ್ತೆಕಿರುಬ, ನೋಡಲು ನಾಯಿಯಂತಿದ್ದರೂ ಬೆಕ್ಕು, ಮುಂಗುಸಿಗಳ ಕಡೆಯ ನಂಟನುಳ್ಳದ್ದು. ಮೂರನೆಯದು ಅಜ್ಜಂಪುರ ಸೀಮೆಯ ರೈತರಿಗೆ ಚಿರಪರಿಚಿತವಾದ ಈರುಳ್ಳಿ. ಹಿಂದಿನ ಪಠ್ಯಪುಸ್ತಕಗಳು ಅದನ್ನು ಲಿಲಿಯೇಸಿ ಕುಟುಂಬದಲ್ಲಿಟ್ಟಿದ್ದವು. ಡಿಎನ್‌ಎ ಪರೀಕ್ಷೆಗಳ ಆಧಾರದ ಮೇಲೆ 2009ರಲ್ಲಿ ಪ್ರಕಟವಾದ ಹೊಸ ವ್ಯವಸ್ಥೆಯು ಅದನ್ನು ಅಮರಿಲ್ಲಿಡೇಸಿ ಕುಟುಂಬಕ್ಕೆ ಸೇರಿಸಿದೆ. ಈರುಳ್ಳಿ ಬದಲಾಗಲಿಲ್ಲ, ನಮ್ಮ ತಿಳಿವಳಿಕೆ ಬದಲಾಯಿತು. ನಾನೇ ಲಿಲಿಯೇಸಿಯೆಂದು ಎಷ್ಟೋ ಮಕ್ಕಳಿಗೆ ಬರೆಸಿದ್ದೇನೆ. ಆ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು. ನಾಲ್ಕನೆಯ ಎಲೆಯ ಮಾತನ್ನು ಕೊನೆಗಿಟ್ಟುಕೊಳ್ಳುತ್ತೇನೆ.

ಇನ್ನು ಆಕ್ಷೇಪಗಳನ್ನು ವಿಚಾರಿಸೋಣ. ನಾನು ಮೊದಲ ಬಾರಿಗೆ ಈ ಕಟ್ಟನ್ನು ತರಗತಿಗೆ ತಂದ ಕೆಲವೇ ದಿನಗಳಲ್ಲಿ ಒಬ್ಬ ತಾಯಿ ಶಾಲೆಗೆ ಬಂದರು. ಕೊಬ್ಬರಿ ಮಾರಿದ ಹಣವನ್ನು ಅವರ ಯಜಮಾನರು ದೀಪಾವಳಿಯ ಇಸ್ಪೀಟಿನಲ್ಲಿ ಕಳೆದಿದ್ದರು. ಮಗನನ್ನು ಮಠದ ಶಾಲೆಗೆ ಸೇರಿಸಿದ್ದು ಆ ಗಾಳಿ ಅವನಿಗೆ ಸೋಕದಿರಲೆಂದು ಎಂದರು. ನಾನು ಎಲೆಗಳನ್ನು ತೋರಿಸಿ, ಇದರಲ್ಲಿ ಹಣವಿಲ್ಲ, ಇವು ಗಿಡ ಪ್ರಾಣಿಗಳ ಚಿತ್ರಗಳೆಂದು ವಿವರಿಸಿದೆ. ಆಕೆ ಒಂದೊಂದನ್ನೇ ನೋಡಿದರು, ಗೌಜಲನ್ನು ನನಗಿಂತ ಬೇಗ ಗುರುತಿಸಿದರು. ಆದರೂ ಹೋಗುವಾಗ, ಎಲೆ ಯಾವುದಾದರೇನು ಸ್ವಾಮಿ, ಹಿಡಿಯುವ ಕೈ ಒಂದೇ ಅಲ್ಲವೇ ಎಂದರು. ಆ ಮಾತಿಗೆ ನನ್ನಲ್ಲಿ ಅಂದು ಉತ್ತರವಿರಲಿಲ್ಲ. ಪುಸ್ತಕದ ವಾದದಿಂದ ತಳ್ಳಿಹಾಕಬಹುದಾದ ಆಕ್ಷೇಪವೂ ಅದಲ್ಲ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಷ್ಟು ಹಿಂದೆಯೇ ಹೇಳಿದೆ, ನಿಜ. ಆದರೆ ಅದೇ ಆಟ ಮೊಬೈಲಿಗೆ ಬಂದು ಹಣವಿಟ್ಟಾಡುವ ವ್ಯಾಪಾರವಾದಾಗ ಹಳ್ಳಿಹಳ್ಳಿಗಳ ತರುಣರು ಸಾಲಕ್ಕೆ ಸಿಕ್ಕಿದರು. ಕೊನೆಗೆ 2025ರಲ್ಲಿ ಅಂಥ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ಅಂಗೀಕರಿಸಬೇಕಾಯಿತು. ಆ ತಾಯಿಯ ಭಯಕ್ಕೆ ಆಧಾರವಿತ್ತು.

ಆಕೆಯ ಮಾತಿನಿಂದ ಆಟವನ್ನು ಬಿಡಲಿಲ್ಲ, ತಿದ್ದಿದೆನು. ಇಸ್ಪೀಟಿನ ರಾಜ, ರಾಣಿ, ಗುಲಾಮರನ್ನು ನೆನಪಿಸುವ ಗುರುತುಗಳನ್ನು ತೆಗೆದುಹಾಕಿದೆನು. ಅಂಕಗಳ ಎಣಿಕೆಯನ್ನು ನಿಲ್ಲಿಸಿದೆನು. ಏಕೆಂದರೆ ಕೂಡಿಡುವ ಅಂಕವು ಪಣದ ತಮ್ಮನೇ. ಅದರಿಂದ ಇನ್ನೊಂದು ದೋಷವೂ ಕಣ್ಣಿಗೆ ಬಿದ್ದಿತು. ಅಂಕವಿದ್ದಾಗ ತರಗತಿಯ ಮೂವರು ನಾಲ್ವರು ಚುರುಕಿನ ಹುಡುಗರೇ ಗೆಲ್ಲುತ್ತಿದ್ದರು. ಹಿಂದಿನ ಬೆಂಚಿನವರು ಎಲೆಯನ್ನು ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು. ಈಗ ನಾಲ್ವರೂ ಸೇರಿ ಎಲ್ಲ ಗುಂಪುಗಳನ್ನು ಇಳಿಸಿ ಮುಗಿಸಿದಾಗಲೇ ಆಟ ಮುಗಿಯುವುದು. ಯಾರ ಕಾರಣ ದುರ್ಬಲವೋ ಅವರಿಗೆ ಉಳಿದವರು ನೆರವಾಗಬೇಕು. ಪುಸ್ತಕದ ಮಾತಿನಲ್ಲಿ ಹಿಂದುಳಿದ ಹುಡುಗರೇ ಕುರಿ ಕಾಯುವಾಗ ಕಂಡ ತೋಳದ ಹೆಜ್ಜೆಯ ವಿಷಯದಲ್ಲಿ ಮುಂದಿದ್ದರೆಂಬುದು ನನಗೆ ಆಗಲೇ ತಿಳಿದದ್ದು. ಅದೃಷ್ಟದ ಆಕ್ಷೇಪಕ್ಕೂ ಇದರಲ್ಲೇ ಸಮಾಧಾನವಿದೆ. ಯಾವ ಎಲೆ ಬಂದರೂ ಅದಕ್ಕೆ ಕಾರಣ ಕಟ್ಟುವುದು ಅದೃಷ್ಟದ ಕೆಲಸವಲ್ಲ.

ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಸಿದ್ಧಗೊಳಿಸುವ ಧಾವಂತದಲ್ಲಿ ಆಟಕ್ಕೆ ವೇಳೆಯೆಲ್ಲಿ ಎಂಬುದು ಸಹೋದ್ಯೋಗಿಗಳ ಪ್ರಶ್ನೆ. ವಾರಕ್ಕೆ ಒಂದು ಅವಧಿ, ಒಟ್ಟು ನಾಲ್ಕು ವಾರ ಸಾಕು. ಹಾಗೆಂದು ಎಲೆಯೇ ಸರ್ವಸ್ವವೆಂದೂ ನಾನು ಹೇಳುವುದಿಲ್ಲ. ಚಿತ್ರದ ಹುಣಸೆಯಲ್ಲಿ ತೊಗಟೆಯ ಒರಟಿಲ್ಲ. ‘ಹಸುರು ಹೊನ್ನು’ ಬರೆದ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡಗಳ ಪರಿಚಯ ಮಾಡಿಸುತ್ತಿದ್ದ ರೀತಿಯನ್ನು ಓದಿದವರೆಲ್ಲ ಬಲ್ಲರು. ಐದನೆಯ ವಾರ ಮಕ್ಕಳನ್ನು ತೋಟಕ್ಕೋ ಕಾವಲಿಗೋ ಕೆರೆಯ ಏರಿಗೋ ಕರೆದೊಯ್ಯಲೇಬೇಕು. ಎಲೆಯಲ್ಲಿ ಕಲಿತ ಪ್ರಶ್ನೆಯನ್ನು ಅಲ್ಲಿ ಕೇಳಬೇಕು.

ಈಗ ನಾಲ್ಕನೆಯ ಒಂಟಿ ಎಲೆಗೆ ಬರುತ್ತೇನೆ. ಅದು ಮನುಷ್ಯ. ಪಾಠದಲ್ಲಿ ಬರುವ ‘ಜಾತಿ’ ಎಂಬ ಶಬ್ದವನ್ನು ಕೇಳಿದೊಡನೆ ತರಗತಿಯಲ್ಲಿ ಒಂದು ಪಿಸುಮಾತು ಹಬ್ಬುವುದನ್ನು ಪ್ರತಿಯೊಬ್ಬ ವಿಜ್ಞಾನ ಉಪಾಧ್ಯಾಯನೂ ಕಂಡಿದ್ದಾನೆ. ಮನುಷ್ಯನ ಎಲೆಯನ್ನು ಎಷ್ಟು ಮಾಡಬೇಕು ಸಾರ್ ಎಂದು ಒಮ್ಮೆ ಒಬ್ಬ ಹುಡುಗ ಕೇಳಿದನು. ಒಂದೇ ಎಂದೆನು. ಜಗತ್ತಿನಲ್ಲಿ ಇಂದು ಬದುಕಿರುವ ಮನುಷ್ಯರೆಲ್ಲರೂ ಹೋಮೋ ಸೇಪಿಯನ್ಸ್ ಎಂಬ ಒಂದೇ ಪ್ರಭೇದಕ್ಕೆ ಸೇರಿದವರು. ತಿಮಿಂಗಿಲದ ಸ್ಥಾನವನ್ನು 1758ರಲ್ಲಿ ತಿದ್ದಿದ ಲಿನೇಯಸನೇ ಅದೇ ಗ್ರಂಥದಲ್ಲಿ ಮನುಷ್ಯರನ್ನು ಖಂಡ ಮತ್ತು ಮೈಬಣ್ಣಗಳಿಂದ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ಸ್ವಭಾವವನ್ನೂ ಅಂಟಿಸಿದನು. ಲಕ್ಷಣವನ್ನು ನೋಡದೆ ಲೋಕದ ಪೂರ್ವಗ್ರಹವನ್ನೇ ಲಕ್ಷಣವೆಂದು ಬರೆದುಕೊಂಡದ್ದರ ಫಲವಿದು. ಆ ತಪ್ಪಿನ ನೆರಳು ನೂರಾರು ವರ್ಷ ಉಳಿಯಿತು. ಇಂದಿನ ತಳಿವಿಜ್ಞಾನವು ಅದಕ್ಕೆ ಆಧಾರವಿಲ್ಲವೆಂದು ತೋರಿಸಿದೆ. ಹುಟ್ಟಿನಿಂದ ಮನುಷ್ಯರನ್ನು ವಿಂಗಡಿಸುವುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಒಪ್ಪದಿದ್ದ ಶರಣರ ಪರಂಪರೆಯಲ್ಲಿ ನಿಂತ ಶಾಲೆ ನಮ್ಮದು. ಆ ನಂಬಿಕೆಯನ್ನು ಮಕ್ಕಳು ಪ್ರಾರ್ಥನೆಯ ವೇಳೆಯಲ್ಲಿ ಕೇಳುತ್ತಾರೆ. ವಿಜ್ಞಾನದ ಅವಧಿಯಲ್ಲಿ ಅದನ್ನು ಪರೀಕ್ಷಿಸಿ ನೋಡುವ ಅವಕಾಶವೂ ಅವರಿಗೆ ಇರಬೇಕು. ಯಾವ ಲಕ್ಷಣದಿಂದ ಬೇರೆ ಮಾಡುತ್ತೀ, ಕಾರಣ ಹೇಳು ಎಂದು ಗಿಡ ಪ್ರಾಣಿಗಳ ವಿಷಯದಲ್ಲಿ ಕೇಳಲು ಕಲಿತ ಮಗು, ಮುಂದೊಂದು ದಿನ ತನ್ನ ಊರಿನ ವಿಂಗಡಣೆಗಳ ಮುಂದೆಯೂ ಅದೇ ಪ್ರಶ್ನೆಯನ್ನು ಇಟ್ಟೀತು. ಕಂಠಪಾಠ ಮಾಡಿದ ಮಗು ಅಲ್ಲಿಯೂ ಪಟ್ಟಿಯನ್ನು ಒಪ್ಪಿಸುತ್ತದೆ. ನಾನು ಈ ಆಟದ ಪರವಾಗಿ ಇಷ್ಟು ಹಟ ಹಿಡಿಯುವುದಕ್ಕೆ ಮುಖ್ಯ ಕಾರಣ ಇದೇ.

ಕೊನೆಯದಾಗಿ ಕೆಲವು ವಿನಂತಿಗಳು. ಉಪಾಧ್ಯಾಯ ಮಿತ್ರರು ಅಚ್ಚಾದ ಕಟ್ಟಿಗಾಗಿ ಕಾಯಬಾರದು. ನಮ್ಮ ಸೀಮೆಯ ಮನೆಮನೆಗಳಲ್ಲಿ ಹಳೆಯ ಲಗ್ನಪತ್ರಿಕೆಗಳು ರಾಶಿಯಾಗಿವೆ. ಅವುಗಳನ್ನು ಒಂದೇ ಅಳತೆಗೆ ಕತ್ತರಿಸಿ, ಬೆನ್ನಿಗೆ ಕಂದು ಕಾಗದ ಅಂಟಿಸಿದರೆ ಎಲೆ ಸಿದ್ಧ. ಬೆನ್ನಿಗೆ ಕಾಗದ ಅಂಟಿಸದಿದ್ದರೆ ಯಾರ ಮದುವೆಯ ಪತ್ರಿಕೆ ಯಾವ ಪ್ರಾಣಿಯೆಂದು ಮಕ್ಕಳು ಎರಡೇ ದಿನದಲ್ಲಿ ಗುರುತು ಹಿಡಿಯುತ್ತಾರೆ. ಇದು ಅನುಭವದ ಮಾತು. ಚಿತ್ರಗಳನ್ನು ಮಕ್ಕಳೇ ಬರೆಯಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಕೃಷಿ, ಪಶುವೈದ್ಯ, ಅರಣ್ಯ ಇಲಾಖೆಗಳಲ್ಲಿ ಸೇವೆ ಸಲ್ಲಿಸಿದವರಿದ್ದಾರೆ. ಅವರು ವರ್ಷಕ್ಕೊಂದು ದಿನ ಬಂದು ಮಕ್ಕಳೊಡನೆ ಕುಳಿತು ಆಡಿ, ಎಲೆಗಳ ತಪ್ಪನ್ನು ತಿದ್ದಿಕೊಟ್ಟರೆ ದೊಡ್ಡ ಉಪಕಾರ. ಕಟ್ಟಡಕ್ಕೂ ಪ್ರಯೋಗಶಾಲೆಗೂ ಉದಾರವಾಗಿ ನೀಡುತ್ತ ಬಂದಿರುವ ದಾನಿಗಳಲ್ಲಿ ನನ್ನ ಬೇಡಿಕೆ ಬಹಳ ಚಿಕ್ಕದು: ಮಕ್ಕಳು ಕಾವಲಿಗೆ ಹೋಗಿಬರುವ ಒಂದು ದಿನದ ಬಸ್ಸಿನ ಖರ್ಚು. ಅಕ್ಷರ ದಾಸೋಹದಲ್ಲಿ ಅದಕ್ಕೂ ಒಂದು ಪಾಲಿರಲಿ.

ಆ ತಾಯಿಯ ಮಗ ಆ ವರ್ಷ ಕೊನೆಯವರೆಗೂ ಆಟವಾಡಿದನು. ಆಕೆ ಮತ್ತೆ ಬಂದು ಬೇಡವೆನ್ನಲಿಲ್ಲ, ಒಳ್ಳೆಯದೆಂದೂ ಹೇಳಲಿಲ್ಲ. ಹಿಡಿಯುವ ಕೈ ಒಂದೇ ಅಲ್ಲವೇ ಎಂಬ ಪ್ರಶ್ನೆಗೆ ಇಂದು ನಾನು ಕೊಡಬಲ್ಲ ಉತ್ತರವಿಷ್ಟೆ: ಹೌದು ತಾಯಿ, ಕೈ ಒಂದೇ, ಆದ್ದರಿಂದಲೇ ಅದಕ್ಕೆ ಎಳೆಯದರಲ್ಲಿ ಯಾವ ಎಲೆಯನ್ನು ಕೊಡುತ್ತೇವೆ, ಯಾವ ನಿಯಮವನ್ನು ಕಲಿಸುತ್ತೇವೆ ಎಂಬುದು ನಮ್ಮ ಹೊಣೆ. ಆ ಹೊಣೆಯನ್ನು ಹೊರುವ ಶಕ್ತಿಯನ್ನು ಪರಮಪೂಜ್ಯರ ಆಶೀರ್ವಾದವು ನಮ್ಮ ಉಪಾಧ್ಯಾಯ ಬಳಗಕ್ಕೆ ಕರುಣಿಸಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.